ದೀಪ ಹಚ್ಚುವ ಹೊತ್ತು

ಎರಡು ವರ್ಷಗಳ ಹಿಂದೆ, ದೀಪಾವಳಿ ಕಳೆದ ಮೇಲೆ ಊರಿಗೆ ಹೋಗಿದ್ದಾಗ ತೆಗೆದ ನಲವತ್ತು ಸೆಕೆಂಡುಗಳ ಒಂದು ವಿಡಿಯೋ ಇಂದಿಗೂ ನನ್ನ ಫೋನಿನಲ್ಲಿದೆ. ಅಳಿಸಿಬಿಡೋಣವೆಂದು ಹಲವು ಬಾರಿ ಹೊರಟು, ಪ್ರತಿ ಬಾರಿಯೂ ಇನ್ನೊಮ್ಮೆ ನೋಡಿ, ಹಾಗೆಯೇ ಬಿಟ್ಟಿದ್ದೇನೆ. ಮಲೆನಾಡಿನಲ್ಲಿ ಅದು ಅಡಿಕೆ ಸುಗ್ಗಿಯ ಕಾಲ. ಅಂಗಳದಾಚೆಯ ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿತ್ತು. ಅಡಿಕೆ ಬೆಂದ ನೀರಿನ, ಅಂದರೆ ಚೊಗರಿನ, ಒಗರು ವಾಸನೆ ಮನೆಯೊಳಗೆ ಮಡಿಸಿಟ್ಟ ಬಟ್ಟೆಗೂ ಹತ್ತಿತ್ತು. ಸೂರ್ಯ ಗುಡ್ಡದ ಹಿಂದೆ ಇಳಿದು ಕಾಲು ಗಂಟೆಯಾಗಿತ್ತು. ತೋಟದ ಕಡೆಯಿಂದ ನೀಲಿಯೊಂದು ನಿಧಾನವಾಗಿ ಅಂಗಳಕ್ಕೆ ಏರಿ ಬರುತ್ತಿತ್ತು. ಒಲೆಯ ಹೊಗೆ ಆಳೆತ್ತರಕ್ಕೆ ಎದ್ದು, ಮುಂದೆ ಏರಲಾರದೆ, ಚಾಪೆ ಹಾಸಿದಂತೆ ಅಡ್ಡಲಾಗಿ ಹರಡಿಕೊಂಡಿತ್ತು. ಆ ಹೊಗೆಯ ಅಡಿಯಂಚಿಗೆ ಬೆಂಕಿಯ ಕೆಂಪು, ಮೇಲಂಚಿಗೆ ಆಕಾಶದ ನೀಲಿ. ತುಳಸಿಕಟ್ಟೆಯ ಮುಂದೆ ಅಮ್ಮ ಹಚ್ಚಿಟ್ಟ ಹಣತೆ ಕಟ್ಟೆಯ ಒಂದು ಮೈಯನ್ನಷ್ಟೇ ತೋರಿಸುತ್ತಿತ್ತು. ಇದನ್ನೆಲ್ಲ ಹಿಡಿದೆನೆಂದುಕೊಂಡು ರಾತ್ರಿ ಊಟವಾದ ಮೇಲೆ ಅಪ್ಪಯ್ಯನಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, “ಎಂತ ಮಾರಾಯ್ತಿ ಇದು, ಮಧ್ಯಾಹ್ನ ತೆಗೆದದ್ದಾ? ದೀಪ ಹಚ್ಚುವ ಹೊತ್ತೇ ಇಲ್ವಲ್ಲ ಇದರಲ್ಲಿ” ಎಂದರು.

ಅವರ ಮಾತು ನಿಜವಾಗಿತ್ತು. ಫೋನಿನ ಪರದೆಯ ಮೇಲಿದ್ದ ಅಂಗಳದಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು: ಒಣಗಲು ಹಾಕಿದ ಅಡಿಕೆ, ಮೂಲೆಯ ಕಟ್ಟಿಗೆ ರಾಶಿ, ಜಗಲಿಯ ಮೇಲೆ ಮಗುಚಿಟ್ಟ ಬುಟ್ಟಿ. ಹೊಗೆ ಬರೀ ಬೂದು ಬಣ್ಣದ್ದಾಗಿತ್ತು. ಹಣತೆ ಒಂದು ಬಿಳಿಯ ಚುಕ್ಕೆಯಾಗಿ, ಹಗಲಿನಲ್ಲಿ ಆರಿಸಲು ಮರೆತ ಬಲ್ಬಿನಂತೆ ಬಡವಾಗಿತ್ತು. ಫೋನು ಸುಳ್ಳು ಹೇಳಿತೆಂದು ದೂರುವುದು ಸುಲಭ, ಆದರೆ ಅದು ತನಗೆ ಕಲಿಸಿಕೊಟ್ಟ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿತ್ತು. ಎದುರಿನ ನೋಟ ಎಷ್ಟೇ ಮಬ್ಬಾಗಿರಲಿ, ಒಟ್ಟಾರೆ ಅದು ಒಂದು ನಡುಬೂದಿನ ಮಟ್ಟಕ್ಕೆ ಬಂದು ನಿಲ್ಲಬೇಕೆಂಬುದು ಸ್ವಯಂಚಾಲಿತ ಎಕ್ಸ್‌ಪೋಷರ್‌ನ ಹಳೆಯ ಲೆಕ್ಕ. ಬಿಳಿಯ ಪಂಚೆ ಯಾವ ಬೆಳಕಿನಲ್ಲೂ ಬಿಳಿಯಾಗಿಯೇ ಕಾಣಬೇಕೆಂಬುದು ವೈಟ್ ಬ್ಯಾಲೆನ್ಸ್‌ನ ಲೆಕ್ಕ. ಮುಸ್ಸಂಜೆಯೆಂದರೆ ಕಡಿಮೆಯಾದ ಬೆಳಕು ಮತ್ತು ನೀಲಿಗೆ ತಿರುಗಿದ ಬೆಳಕು ತಾನೆ? ಕಡಿಮೆಯಾದದ್ದನ್ನು ಮೊದಲ ಲೆಕ್ಕ ತುಂಬಿಕೊಟ್ಟಿತು, ನೀಲಿಯನ್ನು ಎರಡನೆಯದು ತೊಳೆದು ಹಾಕಿತು. ಹಾಗೆ ನೋಡಿದರೆ ನಮ್ಮ ಕಣ್ಣೂ ಇದೇ ಜಾತಿಯ ಲೆಕ್ಕಗಳನ್ನು ಮಾಡುತ್ತದೆ. ಆದರೆ ಅದು ನಿಧಾನಿ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಮನುಷ್ಯನ ಕಣ್ಣಿಗೆ ಅರ್ಧ ಗಂಟೆಯಷ್ಟು ಹೊತ್ತು ಬೇಕು. ಬೆಳಕು ಮುಂದೆ ಮುಂದೆ ಇಳಿಯುತ್ತ, ಕಣ್ಣು ಹಿಂದೆ ಹಿಂದೆ ಉಳಿಯುತ್ತ ಹೋಗುವ ಆ ಅವಧಿಯನ್ನೇ ನಾವು ಮುಸ್ಸಂಜೆ ಎನ್ನುತ್ತೇವೆಂದು ನನಗೆ ಅನಂತರ ಹೊಳೆಯಿತು. ಫೋನಿಗೆ ಹೊಂದಿಕೊಳ್ಳಲು ಒಂದು ಸೆಕೆಂಡೂ ಬೇಡ. ಹಾಗಾಗಿ ಅದಕ್ಕೆ ಮುಸ್ಸಂಜೆಯೇ ಇಲ್ಲ.

ಆ ರಾತ್ರಿಯಿಂದೀಚೆಗೆ, ಹಿಂದೆ ಎಂದೋ ನೋಡಿದ ಮತ್ತು ಓದಿದ ಕೆಲವು ವಿಡಿಯೋ ಕಲಾಕೃತಿಗಳು ನನಗೆ ಬೇರೆಯೇ ರೀತಿಯಲ್ಲಿ ನೆನಪಾಗತೊಡಗಿದವು. ಪ್ರಕೃತಿ ಮತ್ತು ಬೆಳಕನ್ನು ಕುರಿತ ವಿಡಿಯೋ ಎಂದೊಡನೆ ಡ್ರೋನ್ ಹಾರಿಸಿ, ಘಟ್ಟದ ಮಂಜಿನ ಮೇಲೆ ತೇಲಿಸಿ, ಹಿನ್ನೆಲೆಗೆ ಕೊಳಲು ಸೇರಿಸಿದ ತುಣುಕುಗಳು ಕಣ್ಣ ಮುಂದೆ ಬರುತ್ತವೆ. ಅವುಗಳನ್ನು ನಾನೂ ನೋಡುತ್ತೇನೆ, ಹಂಚಿಕೊಂಡಿದ್ದೂ ಉಂಟು. ಆದರೆ ನಾನು ಹೇಳಲು ಹೊರಟಿರುವ ಕೃತಿಗಳಲ್ಲಿ ಕ್ಯಾಮೆರಾ ಹೀಗೆ ಗೆದ್ದು ಬೀಗುವುದಿಲ್ಲ. ಅಲ್ಲಿ ಬೆಳಕಿನ ಕೈ ಮೇಲಾಗುತ್ತದೆ. ಕ್ಯಾಮೆರಾ ನಡುಗುತ್ತದೆ, ಸೋಲುತ್ತದೆ, ಒಮ್ಮೆಯಂತೂ ಸುಟ್ಟೇ ಹೋಗುತ್ತದೆ.

ಬಿಸಿಲುಗುದುರೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಲಾಕೇಂದ್ರದ ಮಹಡಿಯ ಕೋಣೆಯಲ್ಲಿ ಬಿಲ್ ವಯೋಲಾನ ‘ಷಾಟ್ ಎಲ್ ಜೆರಿದ್’ ನೋಡಿದೆ. ಅಮೆರಿಕದ ಈ ಕಲಾವಿದ (1951–2024) ಟ್ಯುನೀಷಿಯಾದ ದಕ್ಷಿಣಕ್ಕಿರುವ ವಿಶಾಲವಾದ ಉಪ್ಪಿನ ಬಯಲಿನಲ್ಲಿ 1979ರಲ್ಲಿ ಮಾಡಿದ 28 ನಿಮಿಷಗಳ ಕೃತಿ ಅದು. ಬೆಳಕು ಮತ್ತು ಬಿಸಿಯ ಭಾವಚಿತ್ರ ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ಕೋಣೆಯ ಕಿಟಕಿಗೆ ಕಟ್ಟಿದ್ದ ಕಪ್ಪು ಬಟ್ಟೆ ಸಾಲದೆ ಒಂದು ಬದಿಯಲ್ಲಿ ನಾಲ್ಕು ಬೆರಳಷ್ಟು ಸಂದು ಉಳಿದಿತ್ತು. ಅಲ್ಲಿಂದ ನುಸುಳಿದ ಬಿಸಿಲುಕೋಲು ಪರದೆಯ ಪಕ್ಕದ ಗೋಡೆಯ ಮೇಲೆ ಬಿದ್ದಿತ್ತು. ಬಂದವರೆಲ್ಲ ಅದರ ಬಗ್ಗೆ ಗೊಣಗಿಕೊಂಡು, ಎರಡು ನಿಮಿಷ ನಿಂತು, ಹೊರಟುಹೋಗುತ್ತಿದ್ದರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಕಾವಲುಗಾರರೊಬ್ಬರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ನೋಡಬೇಕಾದವರು. ನಾನು ಎರಡನೆಯ ಸಲವೂ ಎದ್ದು ಹೋಗದೆ ಕೂತದ್ದನ್ನು ಕಂಡು ಅವರಿಗೆ ಮಾತನಾಡಬೇಕೆನಿಸಿತೆಂದು ತೋರುತ್ತದೆ.

ಪರದೆಯ ಮೇಲೆ ಮೊದಲು ಬರುವುದು ಮರಳುಗಾಡಲ್ಲ, ಹಿಮ. ಅಮೆರಿಕದ ಇಲಿನಾಯ್ ಮತ್ತು ಕೆನಡಾದ ಸಸ್ಕಾಚವಾನ್ ಸೀಮೆಯ ಚಳಿಗಾಲದ ಬಯಲುಗಳು. ನೆಲವೂ ಆಕಾಶವೂ ಒಂದೇ ಬಿಳಿಯಾಗಿ, ಎಲ್ಲಿ ಯಾವುದು ಮುಗಿಯಿತೆಂದು ತಿಳಿಯದ ಹಾಗೆ. ಆಮೇಲೆ ಉಪ್ಪಿನ ಬಯಲು. ಬಹಳ ದೂರದ್ದನ್ನು ಹತ್ತಿರಕ್ಕೆ ಎಳೆಯುವ ಟೆಲಿಫೋಟೋ ಲೆನ್ಸಿನಲ್ಲಿ ಅದನ್ನು ಚಿತ್ರೀಕರಿಸಲಾಗಿದೆ. ಲೆನ್ಸು ದೂರವನ್ನು ಎಳೆದು ತರುವಾಗ ನಡುವಿನ ಮೈಲುಗಟ್ಟಲೆ ಕಾದ ಗಾಳಿಯನ್ನೂ ಒಟ್ಟಿಗೆ ಎಳೆದು ತರುತ್ತದೆ. ಹಾಗಾಗಿ ಪರದೆಯ ಮೇಲೆ ಗಟ್ಟಿಯಾದ ವಸ್ತುವೆಂಬುದೇ ಉಳಿಯುವುದಿಲ್ಲ. ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಉದ್ದವಾಗುತ್ತದೆ, ನಡುವಿನಲ್ಲಿ ತುಂಡಾಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಮನುಷ್ಯನೋ, ಗಾಡಿಯೋ, ಬರುತ್ತಿರುವುದೋ ಹೋಗುತ್ತಿರುವುದೋ ತಿಳಿಯಲು ಬಹಳ ಹೊತ್ತು ಬೇಕಾಗುತ್ತದೆ. “ನಮ್ಮ ಕಡಿ ಬ್ಯಾಸಿಗ್ಯಾಗ ಡಾಂಬರ್ ರೋಡಿನ ಮ್ಯಾಲ ಹಿಂಗ ಕಾಣ್ತದ ನೋಡ್ರಿ ಮೇಡಂ. ಬಿಸಿಲುಗುದರಿ ಅಂತೀವಿ ನಾವು” ಎಂದರು ಆ ಕಲಬುರಗಿ ಕಡೆಯ ಕಾವಲುಗಾರರು. ಸ್ವಲ್ಪ ಹೊತ್ತು ಬಿಟ್ಟು, “ಇವ್ರು ಕುದರಿ ಓಡ್ಸಲಾರ್ದೆ ನಿಂದರ್ಸಿ ಹಿಡ್ದಾರ” ಎಂದು ಸೇರಿಸಿದರು. ವಯೋಲಾನ ಆ ಕೃತಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ಸಂಸ್ಕೃತದ ಮರೀಚಿಕೆಯನ್ನು ನಾವು ಶಾಲೆಯಲ್ಲಿ ಕಲಿತದ್ದು ಮೋಸ ಎಂಬ ಅರ್ಥದಲ್ಲಿ. ಬಿಸಿಲುಗುದುರೆ ಎನ್ನುವಾಗ ಅಲ್ಲಿ ಮೋಸದ ದೂರಿಲ್ಲ, ಬಿಸಿಲಿನಲ್ಲಿ ಓಡುವ ಒಂದು ಪ್ರಾಣಿಯಿದೆ ಅಷ್ಟೆ. ಹತ್ತಿರ ಹೋದಷ್ಟೂ ಅದು ಮುಂದಕ್ಕೆ ಓಡುತ್ತದೆ.

ಬಿಸಿಲುಗುದುರೆ ಕಣ್ಣಿನ ಭ್ರಮೆಯಲ್ಲ ಎಂಬುದು ಈ ಕೃತಿಯನ್ನು ನೋಡುವವರೆಗೆ ನನ್ನ ತಲೆಗೆ ಸರಿಯಾಗಿ ಹೋಗಿರಲಿಲ್ಲ. ಭ್ರಮೆಯಾಗಿದ್ದರೆ ಕ್ಯಾಮೆರಾಕ್ಕೆ ಅದು ಕಾಣಬಾರದಾಗಿತ್ತು. ಕಾದ ನೆಲಕ್ಕೆ ತಾಗಿದ ಗಾಳಿ ತೆಳುವಾಗುತ್ತದೆ, ಅದರ ಮೇಲಿನ ಗಾಳಿ ಅಷ್ಟು ತೆಳುವಾಗಿರುವುದಿಲ್ಲ. ಓರೆಯಾಗಿ ಇಳಿದು ಬರುವ ಆಕಾಶದ ಬೆಳಕು ಈ ಪದರಗಳಲ್ಲಿ ಬಾಗಿ, ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ನೀರೆಂದು ನಾವು ನೋಡುವುದು ನಿಜವಾಗಿ ನೆಲದ ಮೇಲೆ ಬಿದ್ದ ಆಕಾಶವನ್ನು. ಬೆಳಕು ಬಾಗಿದ್ದು ನಿಜ, ಬಂದದ್ದು ನಿಜ. ನೀರು ಎಂಬ ಹೆಸರಷ್ಟೇ ನಮ್ಮದು. ನಮ್ಮ ಇಂದಿನ ಫೋನುಗಳನ್ನು ಅಲ್ಲಿಗೆ ಒಯ್ದರೆ ಆ ನಡುಕವನ್ನು ಕೈ ನಡುಗಿದ್ದೆಂದು ತಿಳಿದು ಸ್ಥಿರಗೊಳಿಸಲು ಹೊರಡುತ್ತವೆಯೋ ಏನೋ ಎಂದು ನಗು ಬರುತ್ತದೆ. ವಯೋಲಾ ಆ ನಡುಕದ ಎದುರು ಕ್ಯಾಮೆರಾವನ್ನು ಕದಲಿಸದೆ ನಿಲ್ಲಿಸಿದ. ಅವನ ಕೆಲಸವೆಲ್ಲ ಆ ನಿಲ್ಲಿಸುವುದರಲ್ಲೇ ಇದೆ.

ಎರಡು ವರ್ಷಗಳ ಅನಂತರ, 1981ರಲ್ಲಿ, ಅವನು ಜಪಾನಿನಲ್ಲಿ ‘ಹಾತ್ಸು-ಯುಮೆ’ ಎಂಬ 56 ನಿಮಿಷಗಳ ಕೃತಿಯನ್ನು ಮಾಡಿದ. ಹೊಸ ವರ್ಷದ ಮೊದಲ ಕನಸು ಎಂದು ಆ ಹೆಸರಿನ ಅರ್ಥ. ಸೋನಿ ಕಂಪನಿಯ ಅತ್ಸುಗಿ ಕಾರ್ಖಾನೆಯಲ್ಲಿ ಅವನು ಅತಿಥಿ ಕಲಾವಿದನಾಗಿದ್ದ ಕಾಲ ಅದು. ಕಡುಗತ್ತಲಿನ ಕಡಲಲ್ಲಿ ದೀಪಗಳನ್ನು ಉರಿಸಿಕೊಂಡು ಮೀನುಗಾರಿಕೆ ಮಾಡುವ ದೋಣಿಗಳು ಅದರಲ್ಲಿವೆ. ವಿಡಿಯೋ ಬೆಳಕನ್ನು ನೀರಿನಂತೆ ನಡೆಸಿಕೊಳ್ಳುತ್ತದೆ, ಕ್ಯಾಮೆರಾದೊಳಗಿನ, ಬಿಂಬ ಹಿಡಿಯುವ ಗಾಜಿನ ಕೊಳವೆಯ ಮೇಲೆ ಬೆಳಕು ದ್ರವವಾಗುತ್ತದೆ ಎಂಬ ಮಾತನ್ನು ಅವನು ಈ ಕೃತಿಯ ಸಂದರ್ಭದಲ್ಲಿ ಬರೆದಿದ್ದಾನೆ. ಆ ಕಾಲದ ಕ್ಯಾಮೆರಾಗಳಲ್ಲಿ ಇದು ಕಣ್ಣಿಗೆ ಕಾಣುವ ಸಂಗತಿಯೇ ಆಗಿತ್ತು: ಕತ್ತಲಲ್ಲಿ ದೀಪವೊಂದು ಚಲಿಸಿದರೆ ಅದರ ಹಿಂದೆ ಬೆಳಕಿನ ಬಾಲವೊಂದು ಎಳೆದುಕೊಂಡು ಬರುತ್ತಿತ್ತು, ಒದ್ದೆ ನೆಲದ ಮೇಲೆ ಬಟ್ಟೆ ಎಳೆದಂತೆ. ಹಳೆಯ ಮದುವೆ ವಿಡಿಯೋಗಳಲ್ಲಿ ಆರತಿ ತಟ್ಟೆಯ ಸುತ್ತ ಆ ಬಾಲವನ್ನು ನಮ್ಮ ತಲೆಮಾರಿನವರು ಕಂಡಿದ್ದಾರೆ. ನನಗೆ ಅದನ್ನು ಓದಿದಾಗ ಹೊಳೆದದ್ದು ಇನ್ನೊಂದು. ಬೆಳಗಾಯಿತು ಎನ್ನುವುದನ್ನೇ ನಮ್ಮವರು ಬೆಳಕು ಹರಿಯಿತು ಎನ್ನುತ್ತಾರೆ. ಯಾವ ಕ್ಯಾಮೆರಾವನ್ನೂ ನೋಡದ ನನ್ನ ಅಜ್ಜಿ ದಿನವೂ ಕೊಟ್ಟಿಗೆಗೆ ಹೋಗುವ ಮೊದಲು ಕಿಟಕಿಯತ್ತ ನೋಡಿ “ಬೆಳಕು ಹರೀತು” ಎನ್ನುತ್ತಿದ್ದರು, ಗದ್ದೆಗೆ ನೀರು ಹರಿಯಿತು ಎನ್ನುವ ಅದೇ ದನಿಯಲ್ಲಿ.

ಸುಟ್ಟ ಕಣ್ಣು

ವಿಡಿಯೋ ಕ್ಯಾಮೆರಾ ಬೆಳಕಿಗೆ ಹೆದರಬೇಕಾದ ವಸ್ತುವಾಗಿತ್ತು ಎಂಬುದನ್ನು ಇವತ್ತಿನ ಮಕ್ಕಳಿಗೆ ಹೇಳಿದರೆ ನಂಬಲಾರರು. 1960ರ ದಶಕದ ಕೊನೆಯಲ್ಲಿ ಬಂದ, ಹೆಗಲಿಗೆ ಹಾಕಿಕೊಂಡು ನಡೆಯಬಹುದಾದ ಪೋರ್ಟಪ್ಯಾಕ್ ಕ್ಯಾಮೆರಾಗಳ ಒಳಗೆ ವಿಡಿಕಾನ್ ಎಂಬ ಗಾಜಿನ ಕೊಳವೆಯಿರುತ್ತಿತ್ತು. ಅದರ ತುದಿಯ ತೆಳುಪದರದ ಮೇಲೆ ಬಿದ್ದ ಬಿಂಬವನ್ನು ಎಲೆಕ್ಟ್ರಾನುಗಳ ಕಿರಣವೊಂದು ಗೆರೆಗೆರೆಯಾಗಿ ಓದುತ್ತಿತ್ತು. ಆ ಪದರ ಸೂಕ್ಷ್ಮವಾದದ್ದು. ಸೂರ್ಯನಿಗೆ ನೇರವಾಗಿ ಹಿಡಿದರೆ ಬಿಂಬ ಬಿದ್ದ ಜಾಗ ಸುಟ್ಟು, ಕಲೆ ಶಾಶ್ವತವಾಗಿ ಉಳಿಯುತ್ತಿತ್ತು. ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ನಡೆದದ್ದು ಭೂಮಿಯ ಮೇಲಲ್ಲ. 1969ರ ನವೆಂಬರ್‌ನಲ್ಲಿ ಅಪೋಲೋ 12ರ ಗಗನಯಾತ್ರಿ ಆಲನ್ ಬೀನ್ ಚಂದ್ರನ ನೆಲದ ಮೇಲೆ ಬಣ್ಣದ ಟೀವಿ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಾಗಿಸುವಾಗ ಅದು ಅಕಸ್ಮಾತ್ತಾಗಿ ಸೂರ್ಯನತ್ತ ತಿರುಗಿತು, ಕೊಳವೆ ಹಾಳಾಯಿತು. ನೇರ ಪ್ರಸಾರ ನೋಡಲು ಕೂತಿದ್ದ ಜಗತ್ತಿಗೆ ಅಲ್ಲಿಂದ ಮುಂದೆ ಮಾತು ಮಾತ್ರ ಕೇಳಿಸಿತು. ಬೀನ್ ತನ್ನ ಕೈಯಲ್ಲಿದ್ದ ಸುತ್ತಿಗೆಯಿಂದ ಕ್ಯಾಮೆರಾದ ನೆತ್ತಿಗೆ ಒಂದು ಕುಟ್ಟಿ ನೋಡಿದನೆಂಬ ವಿವರ ನನಗೆ ಬಹಳ ಪ್ರಿಯವಾದದ್ದು. ಚಿತ್ರ ಹಾರುತ್ತಿದ್ದ ನಮ್ಮ ಮನೆಯ ಟೀವಿಯ ತಲೆಗೆ ಅಪ್ಪಯ್ಯ ಕೊಡುತ್ತಿದ್ದ ಪೆಟ್ಟಿಗೂ ಚಂದ್ರನ ಮೇಲಿನ ಆ ಪೆಟ್ಟಿಗೂ ಏನೂ ವ್ಯತ್ಯಾಸವಿಲ್ಲ.

ಬೀನ್ ಅರಿಯದೆ ಮಾಡಿದ್ದನ್ನು ಆರು ವರ್ಷಗಳ ಬಳಿಕ ಮೇರಿ ಲೂಸಿಯರ್ ಎಂಬ ಅಮೆರಿಕದ ಕಲಾವಿದೆ ಬೇಕೆಂದೇ ಮಾಡಿದಳು. 1975ರ ಅವಳ ‘ಡಾನ್ ಬರ್ನ್’ ಎಂಬ ಕೃತಿಯ ಹೆಸರನ್ನು ಬೆಳಗಿನ ಸುಡುವಿಕೆ ಎನ್ನಬಹುದು. ನ್ಯೂಯಾರ್ಕಿನ ಈಸ್ಟ್ ನದಿಯ ಮೇಲೆ ಹುಟ್ಟುವ ಸೂರ್ಯನಿಗೆ ಅವಳು ಏಳು ದಿನಗಳ ಕಾಲ ಬೆಳಗ್ಗೆ ಬೆಳಗ್ಗೆ ತನ್ನ ಕಪ್ಪುಬಿಳುಪು ಕ್ಯಾಮೆರಾವನ್ನು ನೇರವಾಗಿ ಹಿಡಿದಳು. ಸೂರ್ಯ ಓರೆಯಾಗಿ ಮೇಲೇರುತ್ತ ಹೋದಂತೆ ಕೊಳವೆಯ ಪದರದ ಮೇಲೆ ಒಂದು ಓರೆಗೆರೆ ಸುಟ್ಟುಕೊಂಡಿತು. ಮರುದಿನ ಅದೇ ಕೊಳವೆ. ನಿನ್ನೆಯ ಗೆರೆ ಅಳಿಯುವಂಥದ್ದಲ್ಲ, ಹಾಗಾಗಿ ಇಂದಿನ ಸೂರ್ಯ ನಿನ್ನೆಯ ಗಾಯದ ಪಕ್ಕದಲ್ಲೇ ಹುಟ್ಟಬೇಕು. ಏಳು ಮಾನಿಟರುಗಳನ್ನು ಸಾಲಾಗಿಟ್ಟು ಏಳು ಬೆಳಗುಗಳನ್ನು ಒಟ್ಟಿಗೆ ತೋರಿಸಿದಾಗ ಮೊದಲನೆಯದರಿಂದ ಕೊನೆಯದಕ್ಕೆ ಬರುವಷ್ಟರಲ್ಲಿ ಗೆರೆಗಳು ಒಟ್ಟಾಗಿರುತ್ತವೆ. ಬರೆ ಎಂದರೆ ನಮ್ಮಲ್ಲಿ ಬರೆಯುವುದೂ ಹೌದು, ಕಾಯಿಸಿ ಎಳೆದ ಗುರುತೂ ಹೌದು. ಕಾಮಾಲೆಗೋ ಬಾಲಗ್ರಹಕ್ಕೋ ಎಳೆಯ ಮೈಗೆ ಬರೆ ಹಾಕಿಸಿದ ಕಾಲದವರು ನಮ್ಮ ಹಿರಿಯರು. ಆ ಗುರುತು ತೋರಿಸಿದರೆ ಯಾವ ಇಸವಿ, ಯಾವ ಕಾಯಿಲೆ ಎಂದು ಹೇಳುತ್ತಿದ್ದರು. ಲೂಸಿಯರ್‌ಳ ಕೊಳವೆಯೂ ಹಾಗೆಯೇ ತನ್ನ ಏಳು ದಿನಗಳನ್ನು ಮೈಯಲ್ಲಿ ಇಟ್ಟುಕೊಂಡಿತು.

ಈ ಕೃತಿಯ ಬಗ್ಗೆ ಮೊದಲು ಓದಿದಾಗ, ನಿಜ ಹೇಳಬೇಕೆಂದರೆ, ನನಗೆ ಸಿಟ್ಟು ಬಂದಿತ್ತು. ದುಬಾರಿಯ ಉಪಕರಣವನ್ನು ಹಾಳುಮಾಡಿ ಅದನ್ನು ಕಲೆಯೆನ್ನುವುದು ಹೊಟ್ಟೆ ತುಂಬಿದವರ ಆಟವೆನಿಸಿತ್ತು. ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೆ ನನ್ನ ನಲವತ್ತು ಸೆಕೆಂಡುಗಳ ವಿಡಿಯೋ ನೋಡುವಾಗಲೆಲ್ಲ ಆ ಏಳು ಗೆರೆಗಳು ನೆನಪಾಗುತ್ತವೆ. ನಾವು ಯಾವ ಸೂರ್ಯೋದಯದ ಚಿತ್ರವನ್ನು ನೋಡಿದರೂ ಸೂರ್ಯ ಅಲ್ಲಿ ಒಂದು ಬಿಳಿಯ ಬಿಲ್ಲೆ. ಅದು ಬಿಸಿ ಎಂಬುದನ್ನು ನಾವು ನಮ್ಮ ಅನುಭವದಿಂದ ಸೇರಿಸಿಕೊಳ್ಳಬೇಕು. ಅವಳ ಕೃತಿಯಲ್ಲಿ ಸೂರ್ಯ ಬಂದು ಹೋದದ್ದಕ್ಕೆ ಗುರುತಿದೆ. ನನ್ನ ಫೋನಿನಲ್ಲಿ ಆ ಸಂಜೆ ಬಂದು ಹೋದದ್ದಕ್ಕೆ ಏನು ಗುರುತಿದೆ? ತಾರೀಕು ಮತ್ತು ವೇಳೆ ಮಾತ್ರ: ಸಂಜೆ 6 ಗಂಟೆ 17 ನಿಮಿಷ. ಅದನ್ನು ತೋರಿಸಿದ ಮೇಲೆಯೇ ಅಪ್ಪಯ್ಯ ನಂಬಿದ್ದು.

ಮೋಡ ಮಾಡಿದ ಸಂಕಲನ

ಯಂತ್ರಕ್ಕೆ ನಿರ್ಧಾರ ಬಿಟ್ಟುಕೊಡುವುದೇ ತಪ್ಪು ಎನ್ನುವಂತಿಲ್ಲ. ಇಂಗ್ಲೆಂಡಿನ ಕ್ರಿಸ್ ವೆಲ್ಸ್‌ಬಿ 1974ರಲ್ಲಿ ಮಾಡಿದ ‘ಸೆವೆನ್ ಡೇಸ್’ ಎಂಬ ಇಪ್ಪತ್ತು ನಿಮಿಷಗಳ ಕೃತಿಯಲ್ಲಿ ಯಾವುದನ್ನು ತೋರಿಸಬೇಕೆಂದು ಕಲಾವಿದ ಆ ಹೊತ್ತಿಗೆ ಮನಸ್ಸಿಗೆ ಬಂದಂತೆ ನಿರ್ಧರಿಸಲೇ ಇಲ್ಲ. (ಇದು ವಿಡಿಯೋ ಅಲ್ಲ, 16 ಮಿ.ಮೀ. ಫಿಲ್ಮಿನಲ್ಲಿ ತೆಗೆದದ್ದು, ಆದರೂ ನನ್ನ ಮಟ್ಟಿಗೆ ಇದೇ ಕುಟುಂಬದ್ದು.) ನೈರುತ್ಯ ವೇಲ್ಸ್‌ನ ಕಾರ್ನಿಂಗ್ಲಿ ಬೆಟ್ಟದ ಉತ್ತರದ ಇಳಿಜಾರಿನಲ್ಲಿ ಒಂದು ಚಿಕ್ಕ ತೊರೆಯ ಪಕ್ಕ ಅವನು ಕ್ಯಾಮೆರಾ ಹೂಡಿದ. ಅದನ್ನು ಕೂರಿಸಿದ್ದು ಖಗೋಳಜ್ಞರು ನಕ್ಷತ್ರಗಳನ್ನು ಹಿಂಬಾಲಿಸಲು ಬಳಸುವ ಸ್ಟ್ಯಾಂಡಿನ ಮೇಲೆ. ಭೂಮಿಯ ಅಕ್ಷಕ್ಕೆ ಸಮನಾಗಿ ನಿಂತು ದಿನಕ್ಕೆ ಒಂದು ಸುತ್ತು ತಿರುಗುವ ಆ ಸ್ಟ್ಯಾಂಡಿನಿಂದ ಕ್ಯಾಮೆರಾ ಒಂದೋ ಸೂರ್ಯನನ್ನು ನೋಡುತ್ತಿತ್ತು, ಇಲ್ಲವೇ ನೆಲದ ಮೇಲಿನ ತನ್ನದೇ ನೆರಳನ್ನು. ಸೂರ್ಯ ಕಂಡಾಗ ನೆರಳಿನತ್ತ, ಸೂರ್ಯ ಮೋಡದಲ್ಲಿ ಮರೆಯಾದಾಗ ಆಕಾಶದತ್ತ ಎಂಬುದು ನಿಯಮ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಹತ್ತು ಸೆಕೆಂಡಿಗೊಂದು ಫ್ರೇಮ್, ಬಿಡದೆ ಏಳು ದಿನ. ಪರದೆಯ ಮೇಲಿನ ಒಂದು ಸೆಕೆಂಡಿನಲ್ಲಿ ಅಲ್ಲಿನ ನಾಲ್ಕು ನಿಮಿಷ ಕಳೆಯುತ್ತದೆ. ಆಕಾಶದಿಂದ ನೆಲಕ್ಕೆ, ನೆಲದಿಂದ ಆಕಾಶಕ್ಕೆ ಚಿತ್ರ ಜಿಗಿಯುವುದು ಮೋಡ ಕವಿದು ಚದುರಿದ ಲೆಕ್ಕಕ್ಕೆ. ಸಂಕಲನಕಾರನ ಕತ್ತರಿ ಮೋಡದ ಕೈಯಲ್ಲಿದೆ.

ನನ್ನ ಫೋನಿಗೂ ಒಂದು ನಿಯಮವಿತ್ತು, ವೆಲ್ಸ್‌ಬಿಯ ಕ್ಯಾಮೆರಾಕ್ಕೂ ಒಂದು ನಿಯಮವಿತ್ತು. ಎರಡರಲ್ಲೂ ಬೆಳಕು ಬದಲಾದರೆ ಏನೋ ಒಂದು ಆಗಬೇಕು. ಮೋಡ ಬಂದಾಗ ಒಂದು ಕ್ಯಾಮೆರಾ ಮೋಡವನ್ನು ನೋಡಲು ತಲೆಯೆತ್ತುತ್ತದೆ. ಇನ್ನೊಂದು, ಮೋಡ ಬಂದದ್ದು ನಿಮಗೆ ತಿಳಿಯದಂತೆ ನೋಡಿಕೊಳ್ಳುತ್ತದೆ. ಮದುವೆ ಮನೆಯಲ್ಲಿ ಅಡುಗೆ ಸಾಲದೆ ಬಂದರೂ ಪಂಕ್ತಿಯಲ್ಲಿ ಕೂತವರಿಗೆ ತಿಳಿಯಗೊಡದೆ ಸಂಭಾಳಿಸುವ ಯಜಮಾನರಿರುತ್ತಾರಲ್ಲ, ಫೋನು ಆ ಜಾತಿಯದು. ಅದರ ಸೌಜನ್ಯಕ್ಕೆ ನಾನು ಕೃತಜ್ಞಳೇ. ಕತ್ತಲ ಜಗಲಿಯಲ್ಲಿ ಓಡಾಡುವ ಮಗುವಿನ ಮುಖ ಕಾಣುವುದು ಆ ಸೌಜನ್ಯದಿಂದಲೇ.

ಕಂಡವರು, ಕಾಣದವರು

ಬ್ರಿಟಿಷ್ ಕಲಾವಿದೆ ಟಾಸಿಟಾ ಡೀನ್‌ಳ ‘ಹಸಿರು ಕಿರಣ’ದ (2001) ಪ್ರಸಂಗ ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು. ಕಡಲಿನಲ್ಲಿ ಸೂರ್ಯ ಮುಳುಗುವಾಗ, ಗಾಳಿ ತಿಳಿಯಾಗಿದ್ದರೆ, ಕೊನೆಯ ಅಂಚು ಕ್ಷಣಮಾತ್ರ ಹಸಿರಾಗಿ ಹೊಳೆಯುತ್ತದೆ. ವಾತಾವರಣ ಕೆಂಪಿಗಿಂತ ಹಸಿರು ನೀಲಿಗಳನ್ನು ಸ್ವಲ್ಪ ಹೆಚ್ಚು ಬಾಗಿಸುವುದರಿಂದ ಅವು ಕೆಂಪಿಗಿಂತ ಒಂದು ಗಳಿಗೆ ತಡವಾಗಿ ಮುಳುಗುತ್ತವೆ. ನೀಲಿ ದಾರಿಯಲ್ಲೇ ಚದುರಿಹೋಗುವುದರಿಂದ ನಮಗೆ ಉಳಿಯುವುದು ಹಸಿರು. ಇದನ್ನು ಹಿಡಿಯಲು ಡೀನ್ ಮಡಗಾಸ್ಕರ್‌ನ ಪಶ್ಚಿಮ ಕರಾವಳಿಯ ಮೊರೊಂಬೆ ಎಂಬಲ್ಲಿಗೆ ಹೋಗಿ, 16 ಮಿ.ಮೀ. ಫಿಲ್ಮ್ ಕ್ಯಾಮೆರಾವನ್ನು ಪಡುವಣ ದಿಕ್ಕಿಗೆ ಹೂಡಿ ಕಾದಳು. ಅವಳ ಪಕ್ಕದಲ್ಲಿ ಇನ್ನಿಬ್ಬರು ಅದೇ ಸೂರ್ಯಾಸ್ತವನ್ನು ವಿಡಿಯೋದಲ್ಲಿ ತೆಗೆಯುತ್ತಿದ್ದರು. ಡೀನ್ ತನಗೆ ಹಸಿರು ಕಂಡಿತೆಂದಳು. ಅವರು ಅಲ್ಲೇ ತಮ್ಮ ವಿಡಿಯೋವನ್ನು ಹಿಂದಕ್ಕೆ ಓಡಿಸಿ ನೋಡಿದರು, ಅದರಲ್ಲಿ ಹಸಿರಿಲ್ಲ. ಹಾಗಾದರೆ ಅವಳು ಕಂಡಿರಲೂ ಸಾಧ್ಯವಿಲ್ಲ ಎಂದಾಯಿತು. ಬಳಿಕ ಇಂಗ್ಲೆಂಡಿನಲ್ಲಿ ಫಿಲ್ಮ್ ತೊಳೆಸಿದಾಗ ಅದರಲ್ಲಿ ಹಸಿರಿತ್ತು. ಯಾವ ಒಂದು ಫ್ರೇಮನ್ನು ಬಿಡಿಸಿಟ್ಟರೂ ಕೈಗೆ ಸಿಗದು, ಓಡುವ ಫ್ರೇಮುಗಳ ನಡುವೆ ಮಾತ್ರ ಇದೆ ಎಂದು ಅವಳು ಹೇಳುತ್ತಾಳೆ. ಎರಡೂವರೆ ನಿಮಿಷಗಳ ಆ ಚಿತ್ರ ನೋಡುವವರೆಲ್ಲರೂ ಕೊನೆಯ ಕ್ಷಣಕ್ಕಾಗಿ ಕಣ್ಣು ಮಿಟುಕಿಸದೆ ಕಾದು, ಆಮೇಲೆ ಕಂಡಿತೇ ಇಲ್ಲವೇ ಎಂದು ಪಕ್ಕದವರನ್ನು ಕೇಳುತ್ತಾರೆ.

ಫಿಲ್ಮಿನ ಅಭಿಮಾನಿಗಳು ಈ ಕಥೆಯನ್ನು ಡಿಜಿಟಲ್ಲಿನ ಸೋಲಿಗೆ ಸಾಕ್ಷಿಯಾಗಿ ಹೇಳುವುದುಂಟು. ಡೀನ್ ಫಿಲ್ಮಿಗಾಗಿ ಬಹಳ ವರ್ಷಗಳಿಂದ ವಾದಿಸುತ್ತ ಬಂದವಳು, ಅವಳ ಮಾತಿಗೆ ತೂಕವಿದೆ. ಆದರೆ ನನ್ನನ್ನು ಚುಚ್ಚುವುದು ಬೇರೆ. ಮೂವರು ಒಂದೇ ಕಡಲ ದಡದಲ್ಲಿ ನಿಂತಿದ್ದರು. ಇಬ್ಬರು ಕಡಲನ್ನು ಬಿಟ್ಟು ಕೈಯಲ್ಲಿದ್ದ ಪರದೆಯನ್ನು ಕೇಳಿದರು, ಪರದೆ ಇಲ್ಲವೆಂದಿತು. ಅಪ್ಪಯ್ಯನೂ ನಾನೂ ಅದರ ತಲೆಕೆಳಗಾದ ಆಟ ಆಡಿದ್ದೇವೆ. ಪರದೆಯಲ್ಲಿ ಎಲ್ಲವೂ ಇತ್ತು, ಅವರು ಒಪ್ಪಲಿಲ್ಲ, ಏಕೆಂದರೆ ಎಪ್ಪತ್ತು ವರ್ಷ ಅದೇ ಅಂಗಳದಲ್ಲಿ ಸಂಜೆಯನ್ನು ಕಂಡವರು ಅವರು.

ಮತ್ತೆ ವಯೋಲಾನಿಗೆ ಬರಬೇಕು. 1986ರಲ್ಲಿ ಅವನು ಮಾಡಿದ 89 ನಿಮಿಷಗಳ ವಿಡಿಯೋಕ್ಕೆ ‘ನಾನು ಏನಿದ್ದ ಹಾಗೆ ಇರುವೆನೋ ಅರಿಯೆ’ ಎಂಬರ್ಥದ ಹೆಸರಿಟ್ಟ. ಅದು ಋಗ್ವೇದದ ಮಾತು: ಮೊದಲ ಮಂಡಲದ 164ನೆಯ ಸೂಕ್ತದ ‘ನ ವಿ ಜಾನಾಮಿ ಯದಿವೇದಮಸ್ಮಿ’. ಬಯಲಿನಲ್ಲಿ ಮೇಯುವ ಅಮೆರಿಕದ ಬೈಸನ್‌ಗಳ ಎದುರು ಕ್ಯಾಮೆರಾ ಎಷ್ಟೋ ಹೊತ್ತು ಸುಮ್ಮನೆ ನಿಲ್ಲುವ ಆ ಕೃತಿಯಲ್ಲಿ ಒಂದು ಗೂಬೆ ನಮ್ಮನ್ನೇ ದಿಟ್ಟಿಸುವ ದೃಶ್ಯವಿದೆ. ಚಿತ್ರ ನಿಧಾನವಾಗಿ ಗೂಬೆಯ ಕಣ್ಣಿಗೆ ಹತ್ತಿರವಾಗುತ್ತದೆ, ಕಣ್ಣಿನ ಕಪ್ಪಿನಲ್ಲಿ ಕ್ಯಾಮೆರಾ ಹಿಡಿದ ಮನುಷ್ಯನೊಬ್ಬನ ಪುಟ್ಟ ಬಿಂಬ ಕಾಣುತ್ತದೆ. ಆ ಸೂಕ್ತದ ಋಷಿ ದೀರ್ಘತಮಸ್, ಹೆಸರೇ ದೀರ್ಘ ಕತ್ತಲು. ಮಹಾಭಾರತದ ಕಥೆಯಲ್ಲಿ ಹುಟ್ಟುಕುರುಡ. ಬೆಳಕಿನ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಂಡ ವಯೋಲಾ ತನ್ನ ಕೃತಿಗೆ ಹೆಸರು ತಂದದ್ದು ಹೀಗೆ ಕತ್ತಲಿನ ಋಷಿಯೊಬ್ಬನಿಂದ. ಅವನಿಗೆ ಈ ಸಂಗತಿ ಗೊತ್ತಿತ್ತೋ ಇಲ್ಲವೋ, ನನಗಂತೂ ಅದು ಆಕಸ್ಮಿಕವೆಂದು ನಂಬಲು ಮನಸ್ಸಿಲ್ಲ.

ಕಳೆದ ಕಾರ್ತಿಕ

ಕಳೆದ ವರ್ಷ ಅದೇ ದಿನಗಳಲ್ಲಿ ಊರಿಗೆ ಹೋದಾಗ ಒಂದು ಸಣ್ಣ ಪ್ರಯೋಗ ಮಾಡಿದೆ. ಕಲೆಯೆಂಬ ದೊಡ್ಡ ಹೆಸರು ಅದಕ್ಕೆ ಬೇಡ. ಫೋನಿನ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎಕ್ಸ್‌ಪೋಷರ್ ಆ ಕ್ಷಣದ ಮಟ್ಟಕ್ಕೇ ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಬೆಳಕು ಏನಾದರೂ ಆಗಲಿ, ಅದು ಸಹಾಯಕ್ಕೆ ಬರುವುದಿಲ್ಲ. ವೈಟ್ ಬ್ಯಾಲೆನ್ಸಿಗೂ ಹಾಗೆಯೇ ಬೀಗ ಹಾಕುವ ದಾರಿ ಹುಡುಕಿಕೊಂಡೆ. ಜಗಲಿಯ ಕಂಬಕ್ಕೆ ಫೋನನ್ನು ಬಾಳೆಯ ಹಗ್ಗದಿಂದ ಕಟ್ಟಿದೆ. ಮೊದಲು ತೋಟದ ಅಡಿಕೆ ಮರಗಳನ್ನೂ ಸೇರಿಸಲು ನೋಡಿದೆ, ಬುಡ ಬಂದರೆ ತಲೆ ಬರಲಿಲ್ಲ, ತಲೆ ಬಂದರೆ ಒಲೆ ತಪ್ಪಿಹೋಯಿತು. (ಫಿನ್‌ಲ್ಯಾಂಡಿನ ಐಯಾ-ಲೀಸಾ ಅಹ್ತಿಲಾ 2011ರಲ್ಲಿ ಒಂದು ಎತ್ತರದ ಸ್ಪ್ರೂಸ್ ಮರವನ್ನು ಆರು ಭಾಗಗಳಲ್ಲಿ ಚಿತ್ರೀಕರಿಸಿ, ಆರು ಪರದೆಗಳನ್ನು ಅಡ್ಡಕ್ಕೆ ಜೋಡಿಸಿ, ಮರವನ್ನು ಮಲಗಿಸಿಯೇ ತೋರಿಸಿದಳು. ನಮ್ಮ ಕಡೆ ಹಾಗೆ ತೋರಿಸಿದರೆ, ಗಾಳಿಗೆ ಬಿತ್ತಾ ಎಂದು ಕೇಳುತ್ತಾರೆ.) ಕಡೆಗೆ ಅಂಗಳ, ಒಲೆ, ತುಳಸಿಕಟ್ಟೆ ಇಷ್ಟಕ್ಕೇ ಒಪ್ಪಿಕೊಂಡು, ಸೂರ್ಯ ಗುಡ್ಡದ ನೆತ್ತಿಗೆ ತಾಗುವ ಮೊದಲೇ ಶುರುಮಾಡಿ ಐವತ್ತು ನಿಮಿಷ ಬಿಟ್ಟೆ.

ಮೂರು ದಿನ ಕಳೆದು, ಸಂಜೆಯ ಕೆಲಸ ಮುಗಿದ ಮೇಲೆ, ದೀಪ ಆರಿಸಿಕೊಂಡು ಜಗಲಿಯಲ್ಲಿ ಕೂತು ಮೂವರೂ ಅದನ್ನು ನೋಡಿದೆವು. ಅಪ್ಪಯ್ಯ ಕವಳ ಹಾಕಿಕೊಂಡು ಗೋಡೆಗೆ ಒರಗಿದ್ದರು. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ; ಅಂಗಳದಲ್ಲಿ ಓಡಾಡುವ ನಮ್ಮನ್ನು ನಾವೇ ಗುರುತಿಸಿಕೊಂಡೆವು. ಆಮೇಲೆ ಅಡಿಕೆಯ ಬಣ್ಣ ಹೋಯಿತು. ಕಟ್ಟಿಗೆ ರಾಶಿಯ ಬುಡ ಮೊದಲು ಕರಗಿ, ರಾಶಿ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಂತೆ ಕಂಡಿತು. ಹೊಗೆ ಬೂದಾಗಿದ್ದದ್ದು ನೀಲಿಯಾಗಿ, ನೀಲಿ ಇದ್ದದ್ದು ಇಲ್ಲವಾಗಿ, ಅದರ ಹೊಟ್ಟೆಯಲ್ಲಿದ್ದ ಕೆಂಪು ಮಾತ್ರ ಉಳಿಯಿತು. ಅಮ್ಮ ಪರದೆಯಲ್ಲಿ ಬಂದು ಬಗ್ಗಿ ಹಣತೆ ಹಚ್ಚಿದಾಗ ಅವರ ಮುಖ ಒಂದು ಗಳಿಗೆ ಪೂರ್ತಿ ಕಂಡಿತು, ಎದ್ದು ನಿಂತೊಡನೆ ಅವರೇ ಇಲ್ಲವಾದರು. ಅಲ್ಲಿಂದ ಮುಂದೆ ಪರದೆಯಲ್ಲಿ ಉಳಿದದ್ದು ಎರಡೇ ಚುಕ್ಕೆ, ಎಡಕ್ಕೆ ಹಣತೆ, ಬಲಕ್ಕೆ ಒಲೆ. “ಫೋನ್ ಆಫ್ ಆಯ್ತಾ?” ಎಂದರು ಅಮ್ಮ. “ಇಲ್ಲ, ಉಂಟು, ಸುಮ್ಮನೆ ನೋಡು” ಎಂದರು ಅಪ್ಪಯ್ಯ.

ಮತ್ತೆ ಐದಾರು ನಿಮಿಷ ಯಾರೂ ಮಾತಾಡಲಿಲ್ಲ. ಬಲಗಡೆಯ ಕೆಂಪು ಚುಕ್ಕೆ ಸಣ್ಣದಾಗುತ್ತ ಬಂತು. ಅಪ್ಪಯ್ಯ ಮುಂದಕ್ಕೆ ಬಗ್ಗಿ, ಪರದೆಗೆ ಬೆರಳು ತಾಗಿಸದೆ ಅದನ್ನು ತೋರಿಸಿ, “ಇಲ್ಲಿ ಕಾಣು, ಬೆಂಕಿ ಕಮ್ಮಿ ಆಗಿದೆ. ಕಟ್ಟಿಗೆ ಒಳಗೆ ನೂಕಬೇಕಿತ್ತು ಯಾರಾದ್ರೂ” ಎಂದರು. “ಮೊನ್ನೆಯ ಹಂಡೆಯದ್ದು ಅಷ್ಟು ಬಣ್ಣ ಬರ್ಲಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ.”